ಓದಿ ಹೇಳಲಾಗಿದೆ

ಮಡಗಾಂವದ ಹಳೇ ಕೋರ್ಟಿನ ಮೆಟ್ಟಿಲ ಬಗಲಿಗೆ
ಮೂವತ್ತೊಂದು ವರ್ಷ ನನ್ನ ಟೈಪ್‌ರೈಟರು.
ಊರು ಅಂಕೋಲೆ. ಇಲ್ಲಿ ಎಲ್ಲರಿಗೂ ನಾನು ಕಾರವಾರದ ಟೈಪಿಸ್ಟ,
ಅಂಕೋಲೆ ಎಲ್ಲಿದೆಯೆಂದು ಹೇಳಿ ಹೇಳಿ ಬಿಟ್ಟುಬಿಟ್ಟೆ.

ಮದುವೆಗೆ ಮೊದಲಿನ ಕರಾರು ಟೈಪು ಮಾಡುವುದು ಸುಲಭ.
ಗೋವೆಯ ಕಾಯಿದೆ ಹಾಗೆ: ಸುಮ್ಮನಿದ್ದರೆ ಇಬ್ಬರಿಗೂ ಅರ್ಧರ್ಧ,
ಬೇಡವೆಂದರೆ ಮೊದಲೇ ಬರೆದಿಡಬೇಕು,
ಆಮೇಲೆ ದೇವರು ಬಂದರೂ ತಿದ್ದುವಂತಿಲ್ಲ.
ಹೆಸರು ಬದಲಿಸು, ಮನೆ ನಂಬರು ಬದಲಿಸು,
ನಡುವಿನ ಎರಡು ಪುಟ ಎಲ್ಲರಿಗೂ ಒಂದೇ.

ಪಿಯೆದಾದ್ ಬಂದದ್ದು ನವೆಂಬರಿನ ಒಂದು ಮಧ್ಯಾಹ್ನ, ಕರೆಂಟು ಹೋಗಿತ್ತು.
ಕುಡ್ತರಿಯ ಪೊದೆರ್ ಜಕಿನನ ಮಗಳು,
ಮೊಣಕೈಯಲ್ಲಿ ಒಲೆಬಾಯಿಯ ಸುಟ್ಟ ಗುರುತು,
ಅಪ್ಪನ ಕೋಟಿನ ಗುಂಡಿ ಮೇಲೊಂದು ಕೆಳಗೊಂದು.
ಅತ್ತ ಅವೆಲಿನೊ, ಅವನ ತಾಯಿ, ತಾಯಿಯ ಬೀಸಣಿಗೆ,
ಬೀಸಣಿಗೆಯ ಹಿಂದೆ ಹದಿನೆಂಟು ಕಿಟಕಿಯ ಮನೆ.
ಆ ಮನೆಗೆ ಪಾವಿನ ಹಿಟ್ಟು ಮೆತ್ತಬಾರದೆಂದೇ ಕರಾರು:
ಅವನದು ಅವನಿಗೆ, ಅವಳದು ಅವಳಿಗೆ,
ಮುಂದೆ ಗಳಿಸುವುದೂ ಗಳಿಸಿದವರಿಗೆ.
ಅವಳ ಪಟ್ಟಿಯಲ್ಲಿ ಏನು ಬರೆಯಲಿ ಎಂದೆ.
ಜಕಿನ ತುಂಬ ಹೊತ್ತು ಯೋಚಿಸಿದ.
"ಒಂದು ಸೈಕಲ್, ಬರೆಯಿರಿ. ಪೋಂ ಪೋಂ ಹಾರ್ನು ಸಮೇತ."

ಕೊನೆಯ ಸಾಲು ನನ್ನ ಬೆರಳಿಗೆ ಬಾಯಿಪಾಠ:
ಉಭಯತರಿಗೂ ಸಾಕ್ಷಿಗಳ ಎದುರು ಅವರ ಭಾಷೆಯಲ್ಲಿ
ಗಟ್ಟಿಯಾಗಿ ಓದಿ ಹೇಳಲಾಗಿದೆ.
ಯಾರೂ ಓದಲಿಲ್ಲ. ಸಾಹೇಬರಿಗೆ ಹಸಿವಾಗಿತ್ತು.
ಸಾಕ್ಷಿ ಒಬ್ಬ ಕಡಿಮೆ ಬಿದ್ದ; ನನ್ನನ್ನೇ ಕರೆದರು.
ಅವಳು ಪೆನ್ನು ಹಿಡಿದು ನನ್ನ ಮುಖ ನೋಡಿದಳು.
ನಾನಂದೆ, ಕೊಂಕಣಿಯಲ್ಲಿ, ಮೆಲ್ಲಗೆ:
"ಹಾಕು ಬಾಯ್, ಬರೀ ಕಾಗದ."

ಹದಿನಾರು ವರ್ಷ.
ಹದಿನೆಂಟು ಕಿಟಕಿಗಳಲ್ಲಿ ಹನ್ನೊಂದಕ್ಕೆ ಈಗ ಗಾಜಿಲ್ಲ,
ಉಳಿದವು ಬ್ಯಾಂಕಿನವು.
ಸೈಕಲ್ಲು ಮಾತ್ರ ಮರಿ ಹಾಕಿತು:
ನಾಲ್ಕು ಒಲೆ, ಎರಡು ವ್ಯಾನು, ಬಾಣಾವಲಿಯಲ್ಲಿ ಅಂಗಡಿ,
ಬೆಳಗಿನ ಮೂರಕ್ಕೇ ಏಳುವ ಒಂಬತ್ತು ಹುಡುಗರು,
ಅವರಲ್ಲಿ ಐವರು ನಮ್ಮ ಹಳಿಯಾಳದ ಕಡೆಯವರು.
ವಿಚ್ಛೇದನ ಕೇಳಿದ್ದು ಅವಳು.
ಅರ್ಧ ಕೇಳಿದ್ದು ಅವನು.
ಕರಾರು ನಿಲ್ಲುವುದಿಲ್ಲ ಎಂದ ಅವನ ವಕೀಲ,
ಅದನ್ನು ಯಾರೂ ಓದಿಯೇ ಹೇಳಿಲ್ಲ.

ನಿಜವನ್ನೇ ಹೇಳಿದ.
ಅಪರೂಪಕ್ಕೊಬ್ಬ ವಕೀಲ ನಿಜ ಹೇಳಿದರೆ
ಅದು ನನ್ನ ಕೊರಳಿಗೇ ಸುತ್ತಿಕೊಳ್ಳಬೇಕೆ?

ಸಾಕ್ಷಿಯ ಹಿಂದಿನ ರಾತ್ರಿ ಕಾರ್ಬನ್ ಪ್ರತಿ ಹುಡುಕಿ ತೆಗೆದೆ.
ಹೆಂಡತಿ ಮಲಗಿದ್ದಳು. ಅಡುಗೆಮನೆಯಲ್ಲಿ ನಿಂತು
ಗಟ್ಟಿಯಾಗಿ ಓದಿದೆ, ಕೊಂಕಣಿಯಲ್ಲಿ, ಒಂದೊಂದು ಕಲಮು,
ಎಡವಿದಲ್ಲಿ ಹಿಂದಕ್ಕೆ ಹೋಗಿ ಮತ್ತೆ.
ಸೈಕಲ್ಲಿನ ಸಾಲಿಗೆ ಬಂದಾಗ
ಹಾರ್ನು ಬಿಟ್ಟುಹೋದದ್ದು ಕಂಡಿತು. ನನ್ನದೇ ತಪ್ಪು.
ಪೆನ್ಸಿಲಿಗೆ ಕೈ ಹೋಯಿತು. ತಿದ್ದುವಂತಿಲ್ಲ.
ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತು,
ಸತ್ಯವೆಂದಿತೋ, ಅಯ್ಯೋ ಪಾಪವೆಂದಿತೋ.

ಈ ಸಹಿ ನಿಮ್ಮದೆ? ಹೌದು.
ಕರಾರನ್ನು ಓದಿದ್ದೀರಾ? ಓದಿದ್ದೇನೆ.
ಗಟ್ಟಿಯಾಗಿ? ಗಟ್ಟಿಯಾಗಿ.
ಅವರ ಭಾಷೆಯಲ್ಲಿ? ಅವರ ಭಾಷೆಯಲ್ಲಿ.
ಯಾವಾಗ ಎಂದು ಯಾರೂ ಕೇಳಲಿಲ್ಲ.
ಒಂದೂ ಕಾಲಾಗಿತ್ತು, ಜಡ್ಜ್ ಸಾಹೇಬರು ಗಡಿಯಾರ ನೋಡುತ್ತಿದ್ದರು.
ಪಿಯೆದಾದ್ ನನ್ನನ್ನು ನೋಡುತ್ತಿದ್ದಳು,
ಪೆನ್ನು ಹಿಡಿದ ದಿನ ನೋಡಿದ ಹಾಗೆಯೇ.

ಕರಾರು ನಿಂತಿತು.
ಅವಳದು ಅವಳಿಗೆ, ಕಿಟಕಿಗಳು ಅವನಿಗೆ.
ಮರುವಾರ ಬಾಣಾವಲಿಗೆ ಹೋಗಿ ಆರು ಪೊಯಿ ಕೇಳಿದೆ.
ಬಿಟ್ಟಿ ಕೊಟ್ಟರೆ ಏನು ಮಾಡಲಿ ಎಂದು
ಬಸ್ಸಿನಲ್ಲಿ ದಾರಿಯುದ್ದ ಹೆದರಿದ್ದೆ.
ಮೂವತ್ತು ಎಂದಳು. ಐವತ್ತರ ನೋಟು ಕೊಟ್ಟೆ.
ಇಪ್ಪತ್ತು ಎಣಿಸಿ ನನ್ನ ಅಂಗೈಗಿಟ್ಟಳು,
ಮುದುರಿದ ಹತ್ತರ ನೋಟೊಂದನ್ನು
ಹಿಟ್ಟಿನ ಬೆರಳಲ್ಲಿ ನೇರ ಮಾಡಿ.